ಅರ್ಧ ಹೆಸರಿನ ಹಕ್ಕಿ

ತುರುವೇಕೆರೆಯ ಸರ್ವೇಯರ್ ಶಂಭುಲಿಂಗಯ್ಯನವರು ೧೯೭೯ರ ಜುಲೈ ತಿಂಗಳ ಮೊದಲ ಭಾನುವಾರ ಮೂರು ಬಾತುಕೋಳಿಗಳನ್ನು ಬಿದಿರಿನ ಕುಕ್ಕೆಯಲ್ಲಿಟ್ಟುಕೊಂಡು ಮನೆಗೆ ತಂದರು. ಎರಡು ಹೆಣ್ಣು, ಒಂದು ಗಂಡು. ಅವರದು ಲಿಂಗಾಯತರ ಮನೆ. ತಾಯಿ ಸಿದ್ದಗಂಗಮ್ಮನವರು ಎಪ್ಪತ್ತೆರಡರ ವಯಸ್ಸಿನಲ್ಲೂ ಎರಡು ಹೊತ್ತಿನ ಲಿಂಗಪೂಜೆ ತಪ್ಪಿಸಿದವರಲ್ಲ. ಹಸು, ಎಮ್ಮೆ, ನಾಯಿ ಇದ್ದ ಆ ಹಿತ್ತಲಿಗೆ ರೆಕ್ಕೆಯಿರುವ ಜೀವ ಸಾಕಲೆಂದು ಬಂದದ್ದು ಅದೇ ಮೊದಲು.

ಇದಕ್ಕೆಲ್ಲ ಕಾರಣ ಬಸವನಹುಳು. ಮನೆಯ ಹಿಂದೆ ಒಂಬತ್ತು ತೆಂಗಿನಮರಗಳಿದ್ದವು. ನಡುವೆ ಹುರುಳಿಕಾಯಿ, ಮೂಲಂಗಿ, ಸೊಪ್ಪಿನ ಮಡಿಗಳು. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಮರದ ಪಾತಿಗಳನ್ನು ಸೇರುತ್ತಿತ್ತು. ಆ ತೇವದಲ್ಲಿ ಹುಟ್ಟಿದ ಹುಳುಗಳು ಎರಡು ವರ್ಷದಿಂದ ಹುರುಳಿಕಾಯಿ ಸಸಿಯನ್ನು ಎರಡೆಲೆಯ ಮೇಲೆ ಏಳಗೊಟ್ಟಿರಲಿಲ್ಲ. ಒಮ್ಮೆ ಶಂಭುಲಿಂಗಯ್ಯನವರು ಉಪ್ಪು ಹಿಡಿದು ಹೊರಟಾಗ ತಾಯಿ ಕೈ ಹಿಡಿದು ನಿಲ್ಲಿಸಿದ್ದರು.

“ಬಸವನ ಹೆಸರಿಟ್ಕಂಡಿರೋ ಜೀವಾನ ಉಪ್ಪು ಹಾಕಿ ಕೊಲ್ತೀಯಾ? ನಾನಿರಗಂಟ ಆಗಕ್ಕಿಲ್ಲ ಬುಡು.”

ಅಂದಿನಿಂದ ಅವರು ಹುಳುಗಳನ್ನು ಮಂಕರಿಯಲ್ಲಿ ಆಯ್ದುಕೊಂಡು ಹೋಗಿ ಕೆರೆಯ ಏರಿಯ ಆಚೆ ಬಿಟ್ಟುಬರುತ್ತಿದ್ದರು. ಎಷ್ಟು ಬಿಟ್ಟರೂ ಹಿತ್ತಲಲ್ಲಿ ಕಡಿಮೆಯಾದಂತೆ ಕಾಣಲಿಲ್ಲ.

ಬಾತುಕೋಳಿಯ ಸಲಹೆ ಕೊಟ್ಟವರು ಕೆರೆಯ ಪಕ್ಕದ ಬೀದಿಯ ಬಷೀರುನ್ನೀಸಾ. ದರ್ಜಿ ನೂರ್ ಅಹಮದರ ಪತ್ನಿ. ಹತ್ತು ವರ್ಷದಿಂದ ಬಾತುಕೋಳಿ ಸಾಕಿದವರು. ಹಕ್ಕಿಗಳನ್ನು ಕುಕ್ಕೆಗೆ ತುಂಬುತ್ತಲೇ ಪಾಠ ಹೇಳಿದರು.

“ನೀರು ತಟ್ಟೇಲಿ ಇಡಬ್ಯಾಡಿ ಅಯ್ನೋರೆ. ಮೂಗಿನ ತೂತು ಮುಳುಗೋಷ್ಟು ಆಳ ಬೇಕು. ಇಲ್ಲಾಂದ್ರೆ ಕಣ್ಣು, ಮೂಗು ಎರಡೂ ಕಟ್ಕೋತವೆ. ಮಲಗೋ ಜಾಗ ಮಾತ್ರ ಒಣಗಿರ್ಬೇಕು. ಸಂಜೆ ಆಯ್ತಾ, ಒಳಗೆ ಹಾಕಿ ಬಾಗಿಲು ಹಾಕ್ಬಿಡಿ. ಮುಂಗುಸಿಗೆ ಸಂದು ಸಿಕ್ಕಿದ್ರೆ ಸಾಕು.”

“ಮತ್ತೆ… ಮೊಟ್ಟೆ?” ಶಂಭುಲಿಂಗಯ್ಯನವರು ದನಿ ತಗ್ಗಿಸಿ ಕೇಳಿದರು.

ಆಕೆ ನಕ್ಕುಬಿಟ್ಟರು. “ನಿಮ್ಮನೇಲಿ ತಿನ್ನೋರ್ಯಾರು? ನಂಗೆ ತಂದ್ಕೊಡಿ. ಹಕ್ಕಿ ನಿಮ್ದು, ಮೊಟ್ಟೆ ನಂದು.”

ಮನೆಗೆ ಬಂದಾಗ ಸಿದ್ದಗಂಗಮ್ಮನವರು ಜಗಲಿಯಲ್ಲಿ ಕುಳಿತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಅವರಿಗೆ ಎಲ್ಲವೂ ಮಂಜಿನೊಳಗಿನಿಂದ ಕಂಡಂತೆ ಕಾಣುತ್ತಿತ್ತು. ಕಿವಿ ಮಾತ್ರ ಚುರುಕು.

“ಏನ್ಲಾ ಅದು, ಕುಕ್ಕೇಲಿ?”

“ಬಾತು ಕಣವ್ವ.”

“ಅನ್ನದ ಬಾತು ಗೊತ್ತು ನಂಗೆ. ಇದ್ಯಾವುದ್ಲಾ ಅರಚೋ ಬಾತು?”

“ಕೆರೇಲಿರ್ತವಲ್ಲ, ನೀರಕ್ಕಿ ಜಾತಿ.”

“ಹಂಸದ ಪೈಕಿಯಾ?”

“ಹೂಂ. ಹೆಚ್ಚು ಕಮ್ಮಿ ಅದೇ.”

ಹೆಸರಿನ ಉಳಿದರ್ಧವನ್ನು ನುಂಗಿದ್ದು ಶಂಭುಲಿಂಗಯ್ಯನವರಿಗೆ ತಿಳಿದೇ ಇತ್ತು. ಸುಳ್ಳು ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಹಿತ್ತಲಿಗೆ ನಡೆದರು.

ಅನಂತರದ ಮೂರು ವಾರ ಅವರು ಕಚೇರಿಯಿಂದ ನೇರವಾಗಿ ಹಿತ್ತಲಿಗೇ ಬರುತ್ತಿದ್ದರು. ತೆಂಗಿನ ಗರಿಯ ತಟ್ಟಿ ಕಟ್ಟಿ, ನೆಲಕ್ಕೆ ನಾರಿನ ಪುಡಿ ಹರಡಿ ಗೂಡು ಮಾಡಿದರು. ಒಡೆದ ಹಂಡೆಯ ತಳಭಾಗವನ್ನು ಮಣ್ಣಿನಲ್ಲಿ ಹೂತು ನೀರು ತುಂಬಿಸಿದರು. ಮಿಕ್ಕ ಮುದ್ದೆಯನ್ನು ನೀರಿನಲ್ಲಿ ಕಿವುಚಿ, ತೌಡು ಕಲಸಿ ಇಡುತ್ತಿದ್ದರು. ಮೊದಲ ದಿನವೇ ಹಕ್ಕಿಗಳು ಒಂದು ಮಡಿ ಕೊತ್ತಂಬರಿಯನ್ನು ಬೋಳು ಮಾಡಿದ್ದರಿಂದ ಸೊಪ್ಪಿನ ಮಡಿಗಳಿಗೆ ಬೇಲಿ ಬಿತ್ತು. ಅಷ್ಟು ಬಿಟ್ಟರೆ ಹಕ್ಕಿಗಳು ನಿಷ್ಠೆಯಿಂದ ದುಡಿದವು. ಬೆಳಗ್ಗೆ ಬಾಗಿಲು ತೆರೆದೊಡನೆ ಸಾಲಾಗಿ ಪಾತಿಯಿಂದ ಪಾತಿಗೆ ಹೋಗಿ, ಕೊಕ್ಕನ್ನು ಕೆಸರಿಗಿಳಿಸಿ, ಹುಳುಗಳನ್ನು ಚಿಪ್ಪಿನ ಸಮೇತ ನುಂಗುತ್ತಿದ್ದವು. ಜುಲೈ ಕೊನೆಗೆ ಹುರುಳಿಕಾಯಿ ಬಳ್ಳಿ ಮೊಣಕಾಲುದ್ದ ಬಂತು.

ವಿಷಯ ಬಯಲಾದದ್ದು ಪಕ್ಕದ ಮನೆಯ ಕೆಂಪಕ್ಕನಿಂದ. ಶಂಭುಲಿಂಗಯ್ಯನವರು ಮಾಯಸಂದ್ರದ ಕಡೆ ಅಳತೆಗೆ ಹೋಗಿದ್ದ ಶುಕ್ರವಾರ ಆಕೆ ಬೇಲಿಯಾಚೆಯಿಂದ ಕೂಗಿದಳು.

“ಏನ್ ಸಿದ್ದಗಂಗಮ್ನೋರೆ, ನಿಮ್ಮನೇಲೂ ಕೋಳಿ ಸಾಕಂಗಾಯ್ತಲ್ಲ! ಮಠದೋರು ಬಂದ್ರೆ ಏನ್ ಮಾಡಿ ಬಡುಸ್ತೀರಿ?”

“ಕೋಳಿ ಅಲ್ಲ ಕಣೇ, ಬಾತು.”

“ಬಾತುಕೋಳಿ ಅನ್ನಲ್ವೇನ್ರವ್ವ ಲೋಕವೆಲ್ಲ? ಅರ್ಧ ಹೇಳಿ ಅರ್ಧ ಮಡಿಕ್ಕಂಡವ್ರೆ ನಿಮ್ಮಗ!”

ಸಂಜೆ ಶಂಭುಲಿಂಗಯ್ಯನವರು ಬಂದಾಗ ತಾಯಿ ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ತಮ್ಮಷ್ಟಕ್ಕೆ ಗಂಜಿ ಕಾಯಿಸುತ್ತಿದ್ದರು. ಸೊಸೆ ಚಿಕ್ಕಗೌರಮ್ಮ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು.

“ಅವ್ವ, ಒಳಗೆ ಬಾ.”

“ಸೋಮವಾರದ ಬಸ್ಸಿಗೆ ಚಿಕ್ಕನಾಯಕನಹಳ್ಳಿಗೆ ಹೋಯ್ತೀನಿ. ಮಗಳ ಮನೇಲಿರ್ತೀನಿ.”

“ಮೂರು ಹಕ್ಕಿಗೋಸ್ಕರ ಮನೆ ಬಿಟ್ಟು ಹೋಗ್ತೀಯಾ?”

“ಹಕ್ಕಿಗಲ್ಲ ಕಣಪ್ಪ. ನಂಗೆ ಕಣ್ಣು ಮಂಜಾಗೈತೆ, ನೀನು ಹೇಳಿದ್ದೇ ನಂಗೆ ಕಾಣೋದು. ಅದ್ರಾಗೆ ಅರ್ಧ ನುಂಗ್ಬುಟ್ಯಲ್ಲ.”

ಗಡಿಕಲ್ಲು ಒಂದು ಮೊಳ ಸರಿದಿದ್ದರೂ ಗುರುತಿಸಿ ಬರೆಯುತ್ತಿದ್ದ ಶಂಭುಲಿಂಗಯ್ಯನವರು ತಾಯಿಯ ಮುಂದೆ ತಾವೇ ಕಲ್ಲು ಸರಿಸಿದ್ದರು. ಶನಿವಾರವೂ ತಾಯಿ ಜಗಲಿಯಲ್ಲೇ ಉಂಡರು. ತಂದೆ ತೀರಿಹೋದ ಮೇಲೆ ಒಂದು ದಿನವೂ ತಾಯಿಯನ್ನು ಬಿಟ್ಟು ಊಟ ಮಾಡಿದವರಲ್ಲ ಅವರು. ತಟ್ಟೆಯ ಮುಂದೆ ಕೂತು, ಹಾಗೇ ಎದ್ದರು. ಭಾನುವಾರ ಬೆಳಗ್ಗೆ ಹಕ್ಕಿಗಳನ್ನು ಹಿಡಿದು ಮತ್ತೆ ಕುಕ್ಕೆಗೆ ಹಾಕಿದರು. ಗದ್ದಲ ಕೇಳಿ ಸಿದ್ದಗಂಗಮ್ಮನವರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು.

“ಎಲ್ಲಿಗ್ಲಾ?”

“ಬಷೀರುನ್ನೀಸಾಗೆ ವಾಪಸ್ ಕೊಟ್ಟು ಬತ್ತೀನಿ.”

“ತಡಿ. ಒಂದ್ನ ಇತ್ಲಾಗೆ ಕೊಡು.”

ಅವರು ಹಕ್ಕಿಯ ಮೈ ಮುಟ್ಟಲಿಲ್ಲ; ಮಗ ಹಿಡಿದಿದ್ದ ಹಕ್ಕಿಯ ಕಾಲನ್ನು ಮಾತ್ರ ಬೆರಳ ತುದಿಯಿಂದ ಸವರಿದರು. ಬೆರಳುಗಳ ನಡುವಿನ ತೆಳು ಚರ್ಮ ಕೈಗೆ ಸಿಕ್ಕಿದಾಗ ಇನ್ನೊಮ್ಮೆ ಸವರಿದರು. ಆಮೇಲೆ ಬಗ್ಗಿ ಹುರುಳಿಕಾಯಿ ಮಡಿಯ ಮಣ್ಣು ಮುಟ್ಟಿ ನೋಡಿದರು.

“ಇವು ಮಡಿ ಕೆದಕಲ್ವಾ? ಕೋಳಿ ಆದ್ರೆ ಒಂದು ಬುಡಾನೂ ನಿಲ್ಲುಸ್ತಿರ್ಲಿಲ್ಲ.”

“ಈ ಕಾಲಲ್ಲಿ ಕೆದಕಕ್ಕಾಗಲ್ಲ ಕಣವ್ವ.”

“ಹಂಗಾದ್ರೆ ಏನ್ ತಿಂತವೆ?”

‘ಹುಳ’ ಎಂದಿದ್ದರೆ ಸಾಕಿತ್ತು; ಅದೂ ಸುಳ್ಳಾಗುತ್ತಿರಲಿಲ್ಲ. ಒಳಗಿನಿಂದ ಚಿಕ್ಕಗೌರಮ್ಮ ಬೇಡವೆಂದು ಕೈಸನ್ನೆ ಮಾಡುತ್ತಿದ್ದರು.

“ಬಸವನಹುಳು,” ಎಂದರು ಶಂಭುಲಿಂಗಯ್ಯನವರು. “ಅದನ್ನ ತಿನ್ಲಿ ಅಂತಲೇ ತಂದಿದ್ದು. ನೀನು ಕೊಲ್ಲಬ್ಯಾಡ ಅಂದಿದ್ದೆ. ಅದಕ್ಕೆ ಹೇಳ್ಲಿಲ್ಲ.”

ಹಕ್ಕಿ ಅವರ ಕಂಕುಳಲ್ಲಿ ಕತ್ತು ಚಾಚಿ ಅರಚಿತು. ಸಿದ್ದಗಂಗಮ್ಮನವರು ಕೈಗಂಟಿದ ಮಣ್ಣನ್ನು ನಿಧಾನವಾಗಿ ಉದುರಿಸಿಕೊಂಡರು.

“ಕೊಲ್ಲಬ್ಯಾಡ ಅಂತ ನಿಂಗೆ ಹೇಳಿದ್ದೆ,” ಎಂದರು. “ಅವುಕ್ಕೆ ಹೇಳಿರ್ಲಿಲ್ಲ.”

ಮಗ ನಕ್ಕದ್ದು ಕೇಳಿಸಿ ಗದರಿದರು. “ನಗಬ್ಯಾಡ. ಮೊಟ್ಟೆ ಗಿಟ್ಟೆ ಹೊಸ್ತಿಲು ದಾಟಕೂಡ್ದು. ಕೇಳ್ದೋರಿಗೆ ಬಾತುಕೋಳಿ ಅಂತ್ಲೇ ಹೇಳು, ಹಂಸ ಗಿಂಸ ಅನ್ನಬ್ಯಾಡ. ಕುಕ್ಕೆ ಬಿಚ್ಚು ಮೊದ್ಲು, ಉಸ್ರು ಕಟ್ತೈತೆ ಅವುಕ್ಕೆ.”

ಹಕ್ಕಿಗಳು ಹೊರಬಿದ್ದು ಸಾಲುಗಟ್ಟಿ ಪಾತಿಗಿಳಿದವು. ಸಿದ್ದಗಂಗಮ್ಮನವರು ಜಗಲಿಗೆ ಹೋಗಿ ಗಂಜಿಯ ಮಡಕೆಯನ್ನು ತಾವೇ ಎತ್ತಿಕೊಂಡು ಅಡುಗೆಮನೆಗೆ ಬಂದು, ಮುದ್ದೆಗೆ ಎಸರಿಡುವಂತೆ ಸೊಸೆಗೆ ಹೇಳಿದರು.