ಹಿಟ್ಟಿನಲ್ಲಿ ಮೂಡಿದ ದೊರೆ

ನನ್ನ ಭಾವ ಸೋಸಿಪ್ಪ ಬಾಕ್ತ್ರ ಪಟ್ಟಣದ ಟಂಕಸಾಲೆಗೆ ನಾಣ್ಯದ ಅಚ್ಚು ಕೊರೆದುಕೊಡುತ್ತಿದ್ದರು. ಕೊರೆದದ್ದನ್ನು ನಾನು ನಾದಿಟ್ಟ ಹಿಟ್ಟಿಗೆ ಒತ್ತಿ ನೋಡುವುದು ಅವರ ಅಭ್ಯಾಸ. ಆ ತುಂಡು ನನ್ನ ಪುಟ್ಟ ಮಗಳು ಮಿರ್ತೊಳ ಪಾಲು.

"ಇವತ್ತು ದೊರೆಯ ಮೂಗು ತಿಂದೆಯಾ ಪುಟ್ಟಿ?"

ಭಾವ ಹೀಗೆ ಕೇಳಿದಾಗಲೆಲ್ಲ ನಾನು ಬಾಗಿಲ ಕಡೆ ನೋಡುತ್ತಿದ್ದೆ. "ಮೆಲ್ಲಗೆ ಭಾವ, ಪಕ್ಕದವರು ಕೇಳಿಸ್ಕೊಂಡಾರು."

"ನೀನು ನಾಲ್ಕಕ್ಷರ ಕಲಿತೆ, ಜೊತೆಗೆ ನಾಲ್ಕು ಹೆದರಿಕೆನೂ ಕಲಿತೆ ನೋಡಮ್ಮ."

ಆ ವರ್ಷ ದೊರೆಯ ಕೊಲೆಯಾಯಿತು. ಕೊಂದವನೇ ಸಿಂಹಾಸನ ಏರಿದ. ಹಳೆಯ ದೊರೆ ಬೆಟ್ಟದಾಚೆ ಬದುಕಿದ್ದಾನೆಂದು ಸಂತೆಯಲ್ಲಿ ಅಂದವನ ನಾಲಿಗೆ ಕೊಯ್ದರು. ದಂಡು ಹೊರಡುವ ಅವಸರ, ಬೆಳ್ಳಿ ಕರಗಿಸಲು ಪುರುಸೊತ್ತಿಲ್ಲ. ಹಳೆಯ ನಾಣ್ಯವನ್ನೇ ಕೆಂಪಗೆ ಕಾಯಿಸಿ ಮೇಲೆ ಹೊಸ ಅಚ್ಚು ಹೊಡೆಯಲು ಅಪ್ಪಣೆಯಾಯಿತು: ಒಂದು ಕಡೆ ಹೊಸ ದೊರೆಯ ಮುಖ, ಇನ್ನೊಂದು ಕಡೆ ಕೈಯಲ್ಲಿ ಮಾಲೆ ಚಾಚಿದ, ರೆಕ್ಕೆಯುಳ್ಳ ವಿಜಯದೇವಿ.

ನಾನು ನೇಯ್ದ ಕಂಬಳಿ ಕೊಂಡ ಸಿಪಾಯಿಯೊಬ್ಬ ಅಂಥದೊಂದು ನಾಣ್ಯ ಕೊಟ್ಟ. ದೇವಿಯ ಕೈಕೆಳಗೆ ಏನೋ ಉಬ್ಬು. ಭಾವನಿಗೆ ತೋರಿಸಿದೆ. ಅವರು ಹಿಟ್ಟಿಗೆ ಒತ್ತಿ ಎತ್ತಿದರು. ಮಾಲೆಯ ಕೆಳಗೇ ಒಂದು ಕಿವಿ, ಕೆನ್ನೆ, ಹಣೆಪಟ್ಟಿ. ಹಳೆಯ ದೊರೆ.

"ಟಂಕಸಾಲೇಲಿ ಸುತ್ತಿಗೆ ಹೊಡೆಯೋ ಅರ್ಯಂದ ಹಳೇ ನಾಣ್ಯನ ಮಗುಚಿಟ್ಟು ಹೊಡ್ದಿದಾನೆ," ಎಂದರು ಭಾವ. "ಅದೂ ಸರಿಯಾಗಿ ಕಾಯಿಸ್ದೆ. ಮುಖದ ಮೇಲೆ ಮುಖ ಬಿದ್ದಿದ್ರೆ ಅಳಿಸಿಹೋಗ್ತಿತ್ತು. ಈಗ ದೇವಿ ಮಾಲೆ ಹಾಕ್ತಿರೋದು ಸತ್ತವನಿಗೆ."

"ಇಂಥವು ಇನ್ನೂ ಇದ್ದಾವಾ?"

"ಸಿಪಾಯಿಗಳ ಚೀಲದೊಳಗೆ ಯಾರು ಇಣುಕ್ತಾರಮ್ಮ?"

"ಅರ್ಯಂದನ ಹೆಸರು ಹೇಳಿಬಿಡಿ ಭಾವ."

"ಅವನ ಕೈ ಕಡೀತಾರೆ. ಆಮೇಲೆ ನನ್ನ ಹತ್ರಾನೇ ಬರ್ತಾರೆ. ಎರಡು ಮುಖಾನೂ ಕೊರೆದೋನು ನಾನು. ಬೇಕಂತಲೇ ಮಾಡಿದೆ ಅಂತಾರೆ."

ನಾಣ್ಯವನ್ನು ಒಲೆಯ ಕೆಂಡಕ್ಕೆ ಎಸೆದರು. ಅಷ್ಟರಲ್ಲಿ ಟಂಕಸಾಲೆಯ ಕಾವಲುಭಟ ಬಾಗಿಲಿಗೆ ಬಂದ.

"ಸೋಸಿಪ್ಪಣ್ಣ, ಕೆಟ್ಟ ನಾಣ್ಯ ಏನಾದ್ರೂ ಈ ಕಡೆ ಬಂತಾ? ಕಂಡೂ ಬಚ್ಚಿಟ್ಟೋರನ್ನ ಬಿಡಲ್ಲ ಅಂದಿದಾರೆ ಯಜಮಾನ್ರು."

"ಇಲ್ವಲ್ಲಪ್ಪ," ಎಂದರು ಭಾವ, ಬೆರಳಿನ ಹಿಟ್ಟು ಒರೆಸಿಕೊಳ್ಳುತ್ತ.

ಒತ್ತಿದ ತುಂಡು ಎಂದಿನಂತೆ ಮಿರ್ತೊಳ ಕೈ ಸೇರಿತ್ತು. ಬಂದವರಿಗೆ ತೋರಿಸದೆ ತಿನ್ನುವವಳಲ್ಲ. ನಾನು ಏಳುವ ಮೊದಲೇ ಅವಳು ಬಾಗಿಲು ತಲುಪಿ, "ದೊರೆ," ಎಂದು ಅದನ್ನು ಭಟನ ಮುಂದೆ ಹಿಡಿದಳು.

ಅವನು ಬಗ್ಗಿ ನೋಡಿದ. ಮತ್ತೆ ನೋಡಿದ. ಅವನ ಮುಖದ ನಗೆ ಹೋಯಿತು.

ಭಾವ ಆ ತುಂಡನ್ನು ಮೆಲ್ಲಗೆ ಬಿಡಿಸಿಕೊಂಡು ತಮ್ಮ ಬಾಯಿಗೆ ಹಾಕಿಕೊಂಡರು. "ಹಸಿ ಹಿಟ್ಟು ತಿನ್ನಬಾರ್ದು ಪುಟ್ಟಿ." ನುಂಗಲು ಸ್ವಲ್ಪ ಹೊತ್ತು ಹಿಡಿಯಿತು.

ಭಟ ದಾರಿ ಬಿಟ್ಟು ನಿಂತ. ಭಾವ ಚಪ್ಪಲಿ ಮೆಟ್ಟಿಕೊಂಡು ಅವನ ಮುಂದೆ ಟಂಕಸಾಲೆಯ ಕಡೆ ನಡೆದರು. ಒಲೆಯಲ್ಲಿ ನಾಣ್ಯ ಕೆಂಪಗಾಗುತ್ತಿತ್ತು, ಅರ್ಯಂದ ಅಂದು ಕಾಯಿಸಬೇಕಿದ್ದಷ್ಟು.