ಕೆರೆಯ ದಂಡೆಯಲ್ಲಿ ಆಡಿದ ಮಾತು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಉಪ್ಪು ಕೇಳಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಇದು ಹೊಸದಲ್ಲ. ಗೋಡೆಯಾಚೆ ದಿನವಿಡೀ ಮಗ್ಗಗಳು ಖಟಖಟಿಸುತ್ತಿರುವಾಗ ಮೆಲುದನಿ ಯಾರ ಕಿವಿಗೂ ಮುಟ್ಟುವುದಿಲ್ಲ. ಹಾಗಾಗಿ ಪ್ರೀತಿಯನ್ನೂ ಸಿಟ್ಟನ್ನೂ ಒಂದೇ ಗಂಟಲಲ್ಲಿ ಹೇಳಿ ನಮಗೆ ರೂಢಿ. ಹೊಸದಾಗಿ ಬಂದ ನೆಂಟರು ಜಗಳವೆಂದು ತಿಳಿದು ಬಾಗಿಲಲ್ಲೇ ನಿಂತದ್ದುಂಟು.

ಅಣ್ಣನ ಕಿವಿ ನಡುವಯಸ್ಸಿಗೇ ಮಂದವಾಗಿತ್ತು. ಅವನು ಮಗ್ಗದ ಶೆಡ್ಡಿನಲ್ಲಿ ಬೆಳೆದವನು. ನಾನು ಧಾರವಾಡಕ್ಕೆ ಹೋಗಿ ತತ್ವಶಾಸ್ತ್ರ ಓದಿ, ಕಂಡದ್ದನ್ನೂ ಕೇಳಿದ್ದನ್ನೂ ಅನುಮಾನಿಸುವುದನ್ನು ಕಲಿತು ಬಂದವನು. ನಮ್ಮಿಬ್ಬರನ್ನು ಒಂದೆಡೆ ಕೂಡಿಸುತ್ತಿದ್ದದ್ದು ಹಕ್ಕಿಗಳು. ಜಮಖಂಡಿಯಾಚೆ, ಕುರುಚಲು ಗುಡ್ಡಗಳ ಮಡಿಲಲ್ಲಿ ಒಂದು ಕೆರೆಯಿದೆ. ಮೊದಲ ಸಲ ಅಲ್ಲಿಗೆ ಹೋದಾಗ ಅಣ್ಣ, ತಾನು ಪಿಸುಗುಡುತ್ತಿದ್ದೇನೆಂದೇ ನಂಬಿ, "ಲೇ, ಆ ಜಾಲಿ ಗಿಡದ ಬುಡಕ ನೋಡಲೇ" ಎಂದ. ಇಡೀ ಕೆರೆ ಎದ್ದು ಹಾರಿಹೋಯಿತು. ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ಮುದುಕ ಅಲ್ಲಿಂದಲೇ ಹೇಳಿದ: "ಇನ್ನೊಮ್ಮಿ ಬರೂಮುಂದ ಡೊಳ್ಳು ತಗೊಂಡ ಬರ್ರಿ."

ಅಂದಿನಿಂದ ದಂಡೆಯಲ್ಲಿ ಬಾಯಿ ತೆರೆಯಕೂಡದೆಂದು ಗೊತ್ತುಮಾಡಿಕೊಂಡೆವು. ಮಗ್ಗದವರಿಗೆ ಅದು ಕಷ್ಟವಲ್ಲ. ಶೆಡ್ಡಿನೊಳಗೆ ಕೂಗಿದರೂ ಕೇಳಿಸದ್ದರಿಂದ ಕೆಲಸದ ಮಾತೆಲ್ಲ ಕೈಯಲ್ಲೇ ನಡೆಯುತ್ತದೆ: ಬೆರಳು ತಿಕ್ಕಿದರೆ ಎಳೆ ಹರಿದಿದೆ, ಅಂಗೈ ಕೆಳಕ್ಕೊತ್ತಿದರೆ ಮಗ್ಗ ನಿಲ್ಲಿಸು, ಹೆಬ್ಬೆರಳು ತುಟಿಗೆ ಹೋದರೆ ಚಹಾ. ಆ ಸನ್ನೆಗಳಿಗೇ ನಾವು ಹಕ್ಕಿಗಳ ಕೆಲವು ಕೊಕ್ಕು, ಕೆಲವು ಕೊರಳು ಸೇರಿಸಿಕೊಂಡೆವು.

ಮಳೆಗಾಲದಲ್ಲಿ ಗುಡ್ಡದ ಕೆಂಪು ನೀರು ಇಳಿದು ಕೆರೆ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ಗೀಜಗಗಳು ಗೂಡು ನೇಯುತ್ತಿದ್ದರೆ ಅಣ್ಣ ನೇಕಾರನ ಕಣ್ಣಿನಿಂದ ಅವುಗಳ ತಪ್ಪು ಹುಡುಕುತ್ತಿದ್ದ. ಕಬ್ಬಿನ ಟ್ರ್ಯಾಕ್ಟರುಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ದಾರಿ ಹಿಡಿಯುವ ಚಳಿಗಾಲಕ್ಕೆ, ಹಿಮಾಲಯದಾಚೆಯ ಸರೋವರಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತಿದ್ದವು. ಬೇಸಿಗೆಯಲ್ಲಿ ಕೆರೆ ಅಂಚಿನಿಂದ ಬಿರಿಯುತ್ತ ಒಂದು ಹೊಂಡವಾಗುತ್ತಿತ್ತು. ಬರಿಯ ಕಲ್ಲುಗಳ ನಡುವೆ ಮೊಟ್ಟೆಯಿಟ್ಟ ಟಿಟ್ಟಿಭವೊಂದೇ ನಮ್ಮನ್ನು ಬೈಯಲು ಉಳಿದಿರುತ್ತಿತ್ತು. ಹಕ್ಕಿಗಳು ತಿರುಗಿ ಬಂದವು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಬಂದದ್ದು ಹೋದ ವರ್ಷದ ಹಕ್ಕಿಯೇ ಎನ್ನಲು ನಮ್ಮಲ್ಲಿ ಯಾವ ಗುರುತಿದೆ? ಅದೇ ಜಾತಿ, ಅದೇ ಪಟ್ಟೆ. ಅಷ್ಟಕ್ಕೇ ಮನಸ್ಸು ಹಳೆಯ ಪರಿಚಯವೆಂದು ನಂಬುತ್ತದೆ. ನೆನಪೂ ಹೀಗೆಯೇ ಬಂದಿಳಿಯುತ್ತದೇನೋ. ಹೋದದ್ದೇ ಬಂದಿತೋ, ಅದರಂತಹ ಇನ್ನೊಂದೋ ಹೇಳಲಾಗುವುದಿಲ್ಲ.

ಅಣ್ಣ ತೀರಿಕೊಂಡದ್ದು ಹೋದ ಶಿವರಾತ್ರಿಯ ಆಸುಪಾಸು. ರೋಗ ಒಳಗೊಳಗೇ ಬಹಳ ದಿನದಿಂದ ಇತ್ತೆಂದು ಡಾಕ್ಟರು ಹೇಳಿದರು. ಮಣ್ಣು ಮಾಡಿ ಬಂದವರ ನಡುವೆ ಕೂತಾಗ ನಾನು, ಕೊನೆಯ ಸಲ ಕೆರೆಗೆ ಹೋದಾಗ ಅವನು ಆಡಿದ ಮಾತೊಂದನ್ನು ಹೇಳಿದೆ. ಹೆಬ್ಬಾತುಗಳು ನಮ್ಮೆದುರೇ ತೇಲುತ್ತಿದ್ದವು. ಅವನು, "ಬರೂ ಚಳಿಗಾಲಕ್ಕ ನೀ ಒಬ್ಬನ ಬಾ" ಎಂದಿದ್ದ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಅಣ್ಣನ ಹೆಂಡತಿ, ನನ್ನ ವೈನಿ, ಒರೆಸಿಕೊಳ್ಳಲಿಲ್ಲ.

ಅವಳಿಗೆ ಹೊಳೆದದ್ದು ಇಷ್ಟೇ: ಹಾಗೆ ಹೇಳಿದನೆಂದರೆ ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದನ್ನು ತಮ್ಮನಿಗೆ ಹೇಳಿದ, ಹೆಂಡತಿಗೆ ಹೇಳಲಿಲ್ಲ. ಒಂದೇ ಶೆಡ್ಡಿನಲ್ಲಿ, ಎದುರುಬದುರು ಮಗ್ಗಗಳ ಮುಂದೆ ನಿಂತು ಬಾಳುವೆ ಮಾಡಿದವಳನ್ನು ಸಾವಿಗಿಂತ ಹೆಚ್ಚಾಗಿ ಅದು ಕೊರೆಯಿತು. ಬೇಸಿಗೆ ಕಳೆದು ಮಳೆ ಬಂದರೂ ಅವಳು ಅಣ್ಣನ ಸುದ್ದಿ ಎತ್ತಲಿಲ್ಲ. ಫೋಟೊಕ್ಕೆ ಹೂವು ಏರಿಸುವುದನ್ನೂ ಮಗಳಿಗೆ ಬಿಟ್ಟಳು.

ಈ ಚಳಿಗಾಲ ಹೆಬ್ಬಾತುಗಳು ಬಂದಿವೆಯೆಂದು ಕೇಳಿ ನಾನು ಹೊರಟಾಗ ವೈನಿ ತಾನೂ ಬರುತ್ತೇನೆಂದಳು. ದಂಡೆಯಲ್ಲಿ ಕೂತವಳೇ ಎಂದಿನ ಗಂಟಲಲ್ಲಿ ಏನೋ ಕೇಳಹೊರಟಳು. ನಾನು ತಡೆದು, ಇಲ್ಲಿ ನಾವು ಶೆಡ್ಡಿನಲ್ಲಿಯಂತೆ ಕೈಯಲ್ಲೇ ಮಾತಾಡುತ್ತಿದ್ದೆವೆಂದು ಮೆಲ್ಲಗೆ ಹೇಳಿದೆ. ಅವಳು ದನಿ ತಗ್ಗಿಸಿ ಕೇಳಿದಳು:

"ಯಾವಾಗ್ಲೂ ಕೈಲೇನ?"

ಆ ಮೊದಲ ದಿನದ ನಂತರ ಒಮ್ಮೆಯೂ ತಪ್ಪಿಲ್ಲ ಎಂದೆ.

"ಮತ್ತ ಅವತ್ತ ಹೆಂಗ ಅಂದ್ರು?"

ನೀವು ಇದನ್ನು ಆಗಲೇ ಗಮನಿಸಿರಬಹುದು, ಗೆಳೆಯರೇ; ಅನುಮಾನವನ್ನೇ ವಿದ್ಯೆಯಾಗಿ ಕಲಿತ ನಾನು ಗಮನಿಸಿರಲಿಲ್ಲ. ಕೆರೆಯ ಆ ಕೊನೆಯ ಬೆಳಗನ್ನು ಮತ್ತೆ ಮತ್ತೆ ತಡವಿದೆ. ಚಳಿಗೆ ಅಣ್ಣನ ಎರಡೂ ಕೈ ಕಂಬಳಿಯೊಳಗಿದ್ದವು. ಹಾಗಾಗಿ ಅದು ಸನ್ನೆಯಲ್ಲ. ದನಿಯಾಗಿದ್ದರೆ, ಅವನ ಗಂಟಲಿಗೆ ಒಂದು ಹಕ್ಕಿಯೂ ನೀರ ಮೇಲೆ ಉಳಿಯುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಅವು ಕದಲದೆ ತೇಲುತ್ತಿವೆ. ಮಣ್ಣು ಮಾಡಿ ಬರುವ ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡ ಮಾತು ಅದಿರಬಹುದು. ಅಳುವವರ ನಡುವೆ ಕೂತಾಗ ಅದಕ್ಕೆ ಅಣ್ಣನ ದನಿ ಸಿಕ್ಕಿತೇನೋ. ಇದನ್ನೂ ನಾನು ಖಚಿತವಾಗಿ ಹೇಳಲಾರೆ.

ಅವನು ಅಂದಿರಲಿಕ್ಕಿಲ್ಲ ಎಂದೆ. ಅವನಿಗೆ ರೋಗದ ಸುಳಿವಿತ್ತೋ ಇಲ್ಲವೋ ಇದರಿಂದ ತೀರ್ಮಾನವಾಗುವುದಿಲ್ಲ ಎಂದು ಅಭ್ಯಾಸಬಲದಿಂದ ಸೇರಿಸಿದೆ.

"ಗೊತ್ತಿತ್ತೋ ಇದ್ದಿಲ್ಲೋ, ಇರಲಿ ಬಿಡು," ಎಂದಳು ವೈನಿ. "ಯಾರಿಗೂ ಹೇಳಲಿಲ್ಲಲ್ಲ. ನನಗೊಬ್ಬಾಕಿಗೆ ಹೇಳಲಿಲ್ಲ ಅಂತ ಇಷ್ಟ ದಿನ ಸಂಕಟ ಮಾಡಕೊಂಡ ಕುಂತಿದ್ನಿ."

ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಣ್ಣ ಹೋದಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವಳಿಗೆ ಗಂಡ ಮರಳಿ ಸಿಕ್ಕಿದ. ನನಗೆಂದೇ ಅಣ್ಣ ಬಿಟ್ಟುಹೋದದ್ದು ಆ ಒಂದು ಮಾತೆಂದು ನಂಬಿದ್ದೆ, ಅದು ಹೋಯಿತು. ಈಗ ಆ ಬೆಳಗನ್ನು ನೆನೆದರೆ ಅವನು ಸುಮ್ಮನೆ ಕೂತು ನೀರಿನ ಕಡೆ ನೋಡುತ್ತಿರುತ್ತಾನೆ. ಎಷ್ಟು ಹೊತ್ತು ಕಾದರೂ ನನ್ನ ಕಡೆ ತಿರುಗುವುದಿಲ್ಲ.