ಮೂರು ಸ್ಟೇಷನ್ ಆಚೆಯ ತಂಗಿ

ಡೊಂಬಿವಲಿಯ ನಮ್ಮ ಚಾಳಿನಲ್ಲಿ ಆ ಕಾಲಕ್ಕೆ ಯಾರ ಮನೆಯ ಕೂಸು ಅತ್ತರೂ ಹನ್ನೆರಡು ಮನೆಗೂ ಕೇಳುತ್ತಿತ್ತು. ಒಂದು ಖೋಲಿ, ಒಂದು ಅಡಿಗೆಮನೆ, ಅಷ್ಟರಲ್ಲೇ ನಮ್ಮದೆಲ್ಲ. ಅಂಥ ಮನೆಯಲ್ಲಿ ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಯಾರ ಪಕ್ಕ ಯಾರು ಮಲಗಬೇಕು ಎಂಬುದು ಎಷ್ಟು ದೊಡ್ಡ ವಿಷಯವೆಂದು. ನನ್ನ ಜಾಗ ಅವ್ವನ ಬಲಕ್ಕೆ, ಗೋಡೆಯ ಕಡೆ. ಆರು ವರ್ಷ ಅದು ನನ್ನದೇ ಆಗಿತ್ತು, ಯಾರೂ ಕೇಳಿರಲಿಲ್ಲ.

ನಾನು ಒಂದನೆಯ ಇಯತ್ತೆಯಲ್ಲಿದ್ದಾಗ, ಮಳೆಗಾಲದ ಕೊನೆಗೆ, ಅವ್ವ ದವಾಖಾನೆಯಿಂದ ತಂಗಿಯನ್ನು ತಂದಳು. ಬಾಣಂತನ ಮಾಡಲು ಅವಳ ತಾಯಿ, ನಮ್ಮ ಅಜ್ಜಿ, ಗದಗಿನ ಕಡೆಯಿಂದ ಅಂಟು, ಉತ್ತತ್ತಿ, ಒಣಕೊಬ್ಬರಿಯ ಗಂಟು ಹೊತ್ತುಕೊಂಡು ಬಂದಿದ್ದಳು. ಬಂದವಳೇ ಖೋಲಿಯ ನಡುವೆ ಹಗ್ಗ ಕಟ್ಟಿ ಹಳೆಯ ಇಳಕಲ್ ಸೀರೆಯೊಂದನ್ನು ಇಳಿಬಿಟ್ಟಳು. ಸೀರೆಯ ಆಚೆ ಅವ್ವ, ಕೂಸು, ಕೆಂಡದ ಮೇಲೆ ಹಾಕಿದ ಅಜವಾನದ ಹೊಗೆ. ಈಚೆ ಅಪ್ಪ ಮತ್ತು ನಾನು. ಹತ್ತು ದಿನ ಪುರುಡು, ಮುಟ್ಟುವ ಹಾಗಿಲ್ಲ. ಶಾಲೆಯಿಂದ ಬಂದು ಪರದೆ ಸರಿಸಲು ಹೋದರೆ ಅಜ್ಜಿ ಕೈಗೆ ಒಂದು ಅಂಟಿನುಂಡಿ ಇಟ್ಟು ಆಡಲು ಅಟ್ಟುತ್ತಿದ್ದಳು. ಸಿಟ್ಟಿಗೆ ಅದನ್ನು ಕಾಗೆಗೆ ಎಸೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಕೂತು ಅಳುತ್ತಲೇ ಪೂರ್ತಿ ತಿಂದೆ.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ವಿಠ್ಠಲವಾಡಿಯಲ್ಲಿದ್ದ. ಠಾಕುರ್ಲಿ, ಕಲ್ಯಾಣ, ಅದರ ಮುಂದಿನದೇ ವಿಠ್ಠಲವಾಡಿ. ಬಟ್ಟೆ ಅಂಗಡಿ ಇತ್ತು, ಚೆನ್ನಾಗಿ ನಡೆಯುತ್ತಿತ್ತು. ಆದರೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವನಿಗೂ ದೊಡ್ಡವ್ವನಿಗೂ ಮಕ್ಕಳಿರಲಿಲ್ಲ. ಅಪ್ಪನನ್ನು ಊರಿನಿಂದ ಕರೆತಂದು ಓದಿಸಿ, ನೌಕರಿಗೆ ಹಚ್ಚಿ, ಮದುವೆ ಮಾಡಿದವನೂ ಅವನೇ. ಕೂಸು ಹುಟ್ಟಿದ ನಾಲ್ಕನೆಯ ದಿನ ಅವನು ಬಂದು ಗ್ಯಾಲರಿಯಲ್ಲಿ ನಿಂತು ಅಪ್ಪನಿಗೆ ಮೆಲ್ಲಗೆ ಕೇಳಿದ. ನಿನಗೆ ಎರಡನೆಯದೂ ಹೆಣ್ಣಾಯಿತು, ಅದನ್ನು ನಮಗೆ ಕೊಡು, ಅಂಗೈಯಲ್ಲಿಟ್ಟು ಸಾಕುತ್ತೇವೆ ಎಂದ. ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದ. ಅಲ್ಲೇ ಬಾಗಿಲ ಸಂದಿಯಲ್ಲಿದ್ದ ನನಗೆ ಆಗ ಆದ ಖುಷಿಯನ್ನು ಇಂದಿಗೂ ಯಾರ ಮುಂದೂ ಹೇಳಿಲ್ಲ.

ಮರುದಿನ ಸೆಟಿವಿ. ನಮ್ಮ ಕಡೆಯವರಿಗೆ ಗೊತ್ತು, ಐದನೆಯ ದಿನ ಸೆಟಿವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಅಜ್ಜಿ ಮೊರದಲ್ಲಿ ಅಕ್ಕಿ, ಅರಿಷಿಣ, ಕುಂಕುಮ, ಹೊಸ ಕುಪ್ಪಸದ ಖಣ ಎಲ್ಲ ಹೊಂದಿಸಿ, ತಾಯಿ ಬರೆಯಲೆಂದು ನಡುವೆ ಮಡಚಿದ ಬಿಳಿಯ ಕಾಗದ ಇಟ್ಟಳು. ಜೊತೆಗೆ ನನ್ನ ಪಾಟಿಚೀಲದ ಪೆನ್ಸಿಲ್ಲು.

“ಆಕಿ ಒಮ್ಮೆ ಬರದ್ಲಂದ್ರ ಮುಗೀತು,” ಎಂದಳು ಅಜ್ಜಿ. “ಬ್ರಹ್ಮ ಬಂದ್ರೂ ಅಳಸಾಕ ಆಗಂಗಿಲ್ಲ.”

ಸಂಜೆ ಅಜ್ಜಿ ನಳದ ನೀರಿಗೆ ಹೋದಾಗ ಅವ್ವನಿಗೆ ಜೊಂಪು ಹತ್ತಿತ್ತು. ನಾನು ಪರದೆಯ ಕೆಳಗಿನಿಂದ ನುಸುಳಿ, ಮಡಿಕೆ ಬಿಚ್ಚಿ, ಒಳಗೆ ‘ದೊಡ್ಡವ್ವನಿಗೆ ಕೊಡು’ ಎಂದು ಬರೆದೆ. ನಮ್ಮದು ಮರಾಠಿ ಶಾಲೆ, ಕನ್ನಡ ಅಕ್ಷರ ಬರುತ್ತಿರಲಿಲ್ಲ, ಆದ್ದರಿಂದ ಮರಾಠಿಯಲ್ಲೇ ಬರೆದೆ. ಸೆಟಿವಿಗೆ ಮರಾಠಿ ಬರುತ್ತದೋ ಇಲ್ಲವೋ ಎಂದು ಒಂದು ಗಳಿಗೆ ಅನುಮಾನವಾಯಿತು. ಡೊಂಬಿವಲಿಯ ತನಕ ಬರುವವಳಿಗೆ ಅಷ್ಟೂ ಬರುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಬೆಳಿಗ್ಗೆ ಅಜ್ಜಿ ಆ ಕಾಗದವನ್ನು ಬಿಚ್ಚದೆ ಖಣದಲ್ಲಿ ಸುತ್ತಿ ಕೂಸಿನ ತಲೆದಿಂಬಿನ ಕೆಳಗಿಟ್ಟಳು. ಬಿಚ್ಚಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ.

ಪುರುಡು ಕಳೆದ ಮೇಲೆ ಅವ್ವ ಮೊದಲ ಸಲ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಬೆಚ್ಚಗಿತ್ತು, ಎಣ್ಣೆ ಅರಿಷಿಣದ ವಾಸನೆ. ನನ್ನ ಬೆರಳು ಹಿಡಿದುಕೊಂಡಿತು, ಬಿಡಿಸಲು ಹೋದರೂ ಬಿಡಲಿಲ್ಲ. ಅಯ್ಯ, ಎಷ್ಟು ಗಟ್ಟಿ ಐತಿ ಅಂತ ನಕ್ಕೆ. ಆಮೇಲೆ ದಿಂಬಿನ ಕೆಳಗಿನ ಕಾಗದ ನೆನಪಾಗಿ, ಅವ್ವನ ಕೈಗೆ ಕೊಟ್ಟು ಹೊರಗೆ ಓಡಿದೆ.

ಹದಿಮೂರನೆಯ ದಿನ ತೊಟ್ಟಿಲು. ದೊಡ್ಡಪ್ಪ ದೊಡ್ಡವ್ವ ಬೆಳಿಗ್ಗೆಯೇ ಬಂದರು. ದೊಡ್ಡವ್ವನ ಚೀಲದಲ್ಲಿ ಹಾಲಿನ ಪುಡಿಯ ಡಬ್ಬಿ, ಬಾಟಲಿ ಇದ್ದವು. ಚಾಳಿನ ಹೆಂಗಸರು ಇನ್ನೂ ಸೇರಿರಲಿಲ್ಲ. ಅವ್ವ ನನ್ನನ್ನು ಪರದೆಯೊಳಗೆ ಕರೆದು ಎರಡೂ ರೆಟ್ಟೆ ಹಿಡಿದಳು.

“ಭಾರತಿ, ಇವತ್ತ ತಂಗೀನ ಒಯ್ತಾರ. ನಾ ಬ್ಯಾಡಂದ್ರ ಯಾರೂ ಕೇಳವಲ್ರು. ನೀ ಹೋಗಿ ಎಲ್ಲಾರ ಮುಂದ ಅಪ್ಪನ್ನ ಹಿಡಕೊಂಡು ಅಳು. ನನ್ನ ತಂಗೀನ ಕೊಡಬ್ಯಾಡ ಅನ್ನು. ನೀ ಅತ್ರ ನಿಮ್ಮಪ್ಪಗ ಒಂದ್ ನೆವ ಸಿಗತೈತಿ.”

ನಾನು ಹೊರಗೆ ಬಂದೆ. ಅಪ್ಪ ಅಣ್ಣನ ಪಕ್ಕ ಚಾಪೆಯ ಮೇಲೆ ಕೂತಿದ್ದ. ನನ್ನನ್ನು ನೋಡಿದವನೇ ಸೆಟೆದು ಕೂತ. ಅವನೂ ನಾನು ಬರುವುದನ್ನೇ ಕಾಯುತ್ತಿದ್ದ ಎಂದು ಈಗ ತಿಳಿಯುತ್ತದೆ.

“ಏನವ್ವಾ? ಏನರ ಹೇಳೂದೈತೇನು?”

“ಏನಿಲ್ಲ,” ಎಂದೆ.

ಸೆಟಿವಿ ಬರೆದದ್ದು ಅಳಿಸುವುದಿಲ್ಲ, ಇನ್ನು ಅತ್ತು ಏನು ಫಲ ಎಂದು ಅನ್ನಿಸಿತು ಅಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದು ನೆವ. ನನಗೆ ನನ್ನ ಜಾಗ ಬೇಕಾಗಿತ್ತು, ಅಷ್ಟೇ. ಪರದೆಯ ಆಚೆ ಅವ್ವ ಕಿವಿಗೊಟ್ಟು ಕೂತಿದ್ದಳು. ಅವಳಿಗೆ ಎಲ್ಲ ಕೇಳಿಸಿತು.

ಮಧ್ಯಾಹ್ನ ರಿಕ್ಷಾದಲ್ಲಿ ಒಯ್ದರು. ಅಜ್ಜಿ ಪರದೆ ಬಿಚ್ಚಿ ಮಡಚಿಟ್ಟಳು, ನನ್ನ ಜಾಗ ನನಗೆ ಸಿಕ್ಕಿತು. ಅವ್ವನ ಕುಪ್ಪಸ ಹಾಲಿನಿಂದ ತೊಯ್ದು, ಹಾಸಿಗೆಯೂ ತೊಯ್ದಿತ್ತು. ಅಜ್ಜಿ ಅವಳ ಎದೆಗೆ ಬಿಗಿಯಾಗಿ ಅರಿವೆ ಕಟ್ಟಿದಳು. ನಾನು ಹೋಗಿ ಪಕ್ಕದಲ್ಲಿ ಮಲಗಿದಾಗ ಅವ್ವ ಸರಿದು ಜಾಗ ಕೊಟ್ಟಳು, ಮತ್ತೆ ಆ ಕಡೆ ಹೊರಳಿದಳು. ಬೈಯಲಿಲ್ಲ, ಎಂದೂ ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಮೂರು ಸ್ಟೇಷನ್ ದೂರದ ವಿಠ್ಠಲವಾಡಿಗೆ ಅವ್ವ ಮದುವೆ ಮುಂಜಿಗಷ್ಟೇ ಹೋದಳು. ತಂಗಿ ಅಶ್ವಿನಿ ಅವಳನ್ನು ‘ಕಾಕು’, ಅಂದರೆ ಚಿಕ್ಕವ್ವ, ಎಂದು ಕರೆಯುತ್ತ ಬೆಳೆದಳು. ಅವಳೆದುರು ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ, ಬಡಿಸುವಾಗ ಮಾತ್ರ ಕೇಳದೆಯೇ ಎರಡನೆಯ ಸಲ ತುಪ್ಪ ಹಾಕುತ್ತಿದ್ದಳು.

ಈಗ ಆ ಚಾಳಿನ ಜಾಗದಲ್ಲಿ ಹತ್ತಾರು ಮಾಳಿಗೆಯ ಟವರ್ ನಿಂತಿದೆ. ಅಜ್ಜಿ ಇಲ್ಲ, ಅಪ್ಪ ಇಲ್ಲ, ದೊಡ್ಡಪ್ಪ ಇಲ್ಲ, ಅವ್ವ ಹೋಗಿ ಮೂರು ವರ್ಷ. ಅಶ್ವಿನಿ ಐರೋಲಿಯಲ್ಲಿ ಗಂಡನೊಂದಿಗೆ ಇದ್ದಾಳೆ. ದೊಡ್ಡವ್ವ ಸಾಯುವ ಮುಂಚೆ ಅವಳಿಗೆ ಎಲ್ಲ ಹೇಳಿದಳಂತೆ. ಹೋದ ತಿಂಗಳು ಅಶ್ವಿನಿ ನನ್ನನ್ನು ಮನೆಗೆ ಕರೆದಳು. ಚಹಾ ಕೊಟ್ಟು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು.

“ದೀದಿ, ಒಂದೇ ಬಾತ್ ಕೇಳ್ತೀನಿ. ನನ್ನ ಕೊಡೂವಾಗ ಯಾರೂ ಬ್ಯಾಡ ಅನ್ನಲಿಲ್ಲೇನು?”

“ಅವ್ವ ಅಂದ್ಲು,” ಎಂದೆ. “ಆಕಿ ಮಾತು ಯಾರೂ ಕೇಳ್ಲಿಲ್ಲ.”

ಅವಳು ಅಳತೊಡಗಿದಳು. ನಾನೂ ಅತ್ತೆ. ಆಗ ಅವಳು ಎದ್ದು ಬಂದು ನನ್ನ ಕೈ ಹಿಡಿದಳು. ತಂಗಿಯ ಕೈ, ಮೂವತ್ತು ವರ್ಷದ ಮೇಲೆ. ಹೇಳಿಬಿಡಬೇಕೆಂದು ಬಾಯಿಯ ತನಕ ಬಂತು. ಅಂದು ನಾನು ಬಾಯಿ ಬಿಡಲಿಲ್ಲ ಎಂದು ಬಲ್ಲವರು ಈಗ ಯಾರೂ ಉಳಿದಿಲ್ಲ. ಹೇಳಿದರೆ ಅವಳು ಈ ಕೈ ಬಿಟ್ಟುಬಿಟ್ಟರೆ?

“ನೀ ಆದ್ರೂ ಏನ್ ಮಾಡ್ತಿದ್ದಿ, ದೀದಿ,” ಎಂದಳು. “ಸಣ್ಣಾಕಿ ಇದ್ದಿ.”

“ಹೂಂ,” ಎಂದೆ, “ಸಣ್ಣಾಕಿ ಇದ್ದೆ.”